ಪ್ರಶ್ನೆಗೊಂದು ಪುಟ: ಬೆಂಗಳೂರಿನಿಂದ ಹೊರಟ ಗಣಿತ ಪತ್ರಿಕೆಯ ಚರಿತ್ರೆ

1911ನೆಯ ಇಸವಿಯಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತಾಧ್ಯಾಪಕರೊಬ್ಬರು ಸಂಪಾದಿಸುತ್ತಿದ್ದ ಪತ್ರಿಕೆಯೊಂದರ ಪ್ರಶ್ನಾವಿಭಾಗದಲ್ಲಿ, 289 ಎಂಬ ಕ್ರಮಾಂಕದೊಡನೆ, ನೋಡುವುದಕ್ಕೆ ಬಹು ಸಣ್ಣದಾದ ಒಂದು ಪ್ರಶ್ನೆ ಅಚ್ಚಾಯಿತು. √(1 + 2√(1 + 3√(1 + 4√(1 + …)))) ಎಂದು ಒಂದರೊಳಗೊಂದು ಅಡಗುತ್ತ ಕೊನೆಯಿಲ್ಲದೆ ಒಳಗೊಳಗೆ ಸಾಗುವ ವರ್ಗಮೂಲಗಳ ಮಾಲೆಯೊಂದನ್ನು ಬರೆದು, ಅದರ ಬೆಲೆಯನ್ನು ಕಂಡುಹಿಡಿಯಿರೆಂದು ಓದುಗರನ್ನು ಕೇಳಿದವರು ಕುಂಭಕೋಣದಲ್ಲಿ ಬೆಳೆದ, ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಉದ್ಯೋಗವನ್ನರಸಿ ಅಲೆಯುತ್ತಿದ್ದ, ಇಪ್ಪತ್ತಮೂರು ವರ್ಷದ ಶ್ರೀನಿವಾಸ ರಾಮಾನುಜನ್ನರು. ಆರು ತಿಂಗಳು ಕಳೆದರೂ, ಆ ಪತ್ರಿಕೆಯನ್ನು ಓದುತ್ತಿದ್ದ ಕಾಲೇಜು ಅಧ್ಯಾಪಕರಲ್ಲಿ ಒಬ್ಬರಿಂದಲೂ ಉತ್ತರ ಬರಲಿಲ್ಲವಾಗಿ, ಕೊನೆಗೆ ಪ್ರಶ್ನೆ ಕೇಳಿದವರೇ ಉತ್ತರವನ್ನೂ ಬರೆದು ಕಳುಹಿಸಬೇಕಾಯಿತು. ಉತ್ತರ, ಮೂರು.

ಹೇಗೆಂಬುದನ್ನು ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿಯೂ ತಿಳಿಯಬಲ್ಲನು. ಮೂರೆಂದರೆ ಒಂಬತ್ತರ ವರ್ಗಮೂಲ. ಒಂಬತ್ತನ್ನು ಒಂದು ಮತ್ತು ಎಂಟು ಎಂದು ಒಡೆದು, ಎಂಟನ್ನು ಎರಡು ನಾಲ್ಕಲೆ ಎಂದು ಬರೆಯಬಹುದು. ಆ ನಾಲ್ಕು ಹದಿನಾರರ ವರ್ಗಮೂಲ; ಹದಿನಾರೆಂದರೆ ಒಂದು ಮತ್ತು ಹದಿನೈದು, ಹದಿನೈದೆಂದರೆ ಮೂರು ಐದಲೆ. ಆ ಐದು ಇಪ್ಪತ್ತೈದರ ವರ್ಗಮೂಲ. ಇಪ್ಪತ್ತೈದೆಂದರೆ ಒಂದು ಮತ್ತು ನಾಲ್ಕು ಆರಲೆ. ಯಾವುದೇ ಪೂರ್ಣಸಂಖ್ಯೆಯ ವರ್ಗವು ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧಕ್ಕಿಂತ ಒಂದು ಹೆಚ್ಚು ಎಂಬ, ನಾವೆಲ್ಲರೂ ಬಲ್ಲ ಸರಳ ನಿಯಮವನ್ನೇ ಹಿಡಿದು ಒಂದೊಂದೇ ಮೆಟ್ಟಿಲನ್ನು ಇಳಿಯುತ್ತ ಹೋದರೆ ಆ ಅನಂತ ಮಾಲೆಯು ತಾನೇ ತಾನಾಗಿ ಅರಳಿಕೊಳ್ಳುವುದು. ಕೊನೆಯಿಲ್ಲದ ಇಳಿತವು ಒಂದು ನಿಶ್ಚಿತವಾದ ಬೆಲೆಯಲ್ಲಿಯೇ ನಿಲ್ಲುವುದೆಂದು ಸಾಧಿಸುವುದಕ್ಕೆ ಇನ್ನಷ್ಟು ಎಚ್ಚರಿಕೆಯ ವಾದ ಬೇಕೆಂಬುದು ನಿಜವಾದರೂ, ಪ್ರಶ್ನೆಯ ಹೃದಯವಿರುವುದು ಇಲ್ಲಿಯೇ.

ವಿದ್ವತ್ಪತ್ರಿಕೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳಲ್ಲಿ ಪ್ರಕಟವಾದ ಮಹಾಪ್ರಬಂಧಗಳನ್ನು ಎಣಿಸುತ್ತಾರೆ. ಆದರೆ ಗಣಿತಪತ್ರಿಕೆಗೆ ಸಂಬಂಧಿಸಿದಂತೆ, ಅದರ ಪ್ರಾಣವು ಹೆಚ್ಚಾಗಿ ನೆಲೆಸಿರುವುದು ಹಿಂಬದಿಯ ಪುಟಗಳಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗುವ ಪ್ರಶ್ನೆಗಳಲ್ಲಿ ಎಂದೂ, ಹೆಸರಿಲ್ಲದವನ ಪ್ರಶ್ನೆಗೆ ಎಡೆಮಾಡಿಕೊಟ್ಟು ಅದರ ಉತ್ತರಕ್ಕಾಗಿ ಕಾಯಬಲ್ಲ ಸಂಪಾದಕನ ತಾಳ್ಮೆಯಲ್ಲಿ ಎಂದೂ ನಾನು ನಂಬಿದ್ದೇನೆ. ಬೆಂಗಳೂರಿನ ಆ ಪತ್ರಿಕೆಯ ಕಥೆಯು ಈ ನಂಬಿಕೆಗೆ ಬಲವಾದ ಸಾಕ್ಷಿಯಾಗಿದೆ.

ಗುತ್ತಿಯಲ್ಲಿ ಮೊಳೆತ ಸಂಘ

ಬಳ್ಳಾರಿಗೆ ನೆರೆಯದಾದ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ವಿ. ರಾಮಸ್ವಾಮಿ ಅಯ್ಯರ್ ಎಂಬ ಡೆಪ್ಯೂಟಿ ಕಲೆಕ್ಟರರಿದ್ದರು. ಕಂದಾಯದ ಕಾಗದಪತ್ರಗಳ ನಡುವೆ ದಿನವನ್ನು ಕಳೆಯುತ್ತಿದ್ದರೂ ಅವರ ಮನಸ್ಸು ಗಣಿತದಲ್ಲಿ ನೆಟ್ಟಿತ್ತು. ಯುರೋಪಿನ ಗಣಿತಗ್ರಂಥಗಳೂ ಪತ್ರಿಕೆಗಳೂ ಅಂದಿನ ಭಾರತದ ಕಾಲೇಜುಗಳಿಗೆ ದುರ್ಲಭವಾಗಿದ್ದುವು. ಒಬ್ಬ ಅಧ್ಯಾಪಕನು ತನ್ನ ಸಂಬಳದಿಂದ ಅವನ್ನೆಲ್ಲ ತರಿಸಿಕೊಳ್ಳುವುದು ಆಗದ ಮಾತು. ಇಷ್ಟು ಜನರು ಕೂಡಿ ಹಣ ಹಾಕಿ ತರಿಸಿ, ಅಂಚೆಯ ಮೂಲಕ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಓದಿದರೆ ಹೇಗೆಂಬ ಆಲೋಚನೆಯನ್ನು 1906ರ ಕೊನೆಯಲ್ಲಿ ಅವರು ತಮ್ಮ ಪರಿಚಿತರ ಮುಂದಿಟ್ಟರು. ಅದರ ಫಲವಾಗಿ 1907ರ ಏಪ್ರಿಲ್ ತಿಂಗಳಲ್ಲಿ ಕೆಲವೇ ಸದಸ್ಯರ ಒಂದು ಕೂಟ ಹುಟ್ಟಿತು. ಮೊದಲು ‘ಅನಲಿಟಿಕ್ ಕ್ಲಬ್’ ಎಂದೂ, ಸ್ವಲ್ಪ ಕಾಲದಲ್ಲಿಯೇ ‘ಇಂಡಿಯನ್ ಮ್ಯಾಥಮೆಟಿಕಲ್ ಕ್ಲಬ್’ ಎಂದೂ ಕರೆಸಿಕೊಂಡ ಅದು, 1910ರಲ್ಲಿ ಹೊಸ ನಿಬಂಧನೆಗಳನ್ನು ರಚಿಸಿಕೊಂಡು ‘ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ’ಯಾಗಿ, ಇಂದಿಗೂ ಬಾಳುತ್ತಿದೆ. ಸಂಘದ ಪುಸ್ತಕಭಂಡಾರವು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ನೆಲೆಗೊಂಡಿತು. 1909ರಲ್ಲಿ ಆರಂಭವಾದ ಅದರ ಪತ್ರಿಕೆಯ ಸಂಪಾದಕತ್ವವು ಬೆಂಗಳೂರಿಗೆ ಬಂದಿತು.

ರಾಮಸ್ವಾಮಿ ಅಯ್ಯರರ ಈ ಉತ್ಸಾಹದ ಮೂಲವನ್ನು ಹುಡುಕಿದರೆ ಅಲ್ಲಿಯೂ ಒಂದು ಪ್ರಶ್ನೆಯ ಪುಟವೇ ಕಾಣುವುದು. ಲಂಡನ್ನಿನಿಂದ ‘ಎಜುಕೇಷನಲ್ ಟೈಮ್ಸ್’ ಎಂಬ ಶಿಕ್ಷಣ ಪತ್ರಿಕೆಯೊಂದು ಹೊರಡುತ್ತಿದ್ದು, ಅದರಲ್ಲಿ ಗಣಿತದ ಪ್ರಶ್ನೆಗಳಿಗಾಗಿಯೇ ಮೀಸಲಾದ ವಿಭಾಗವಿತ್ತು. ಭೂಮಂಡಲದ ಯಾವ ಮೂಲೆಯಿಂದಲಾದರೂ ಯಾರಾದರೂ ಪ್ರಶ್ನೆ ಕಳುಹಿಸಬಹುದಾಗಿತ್ತು, ಉತ್ತರವನ್ನೂ ಬರೆಯಬಹುದಾಗಿತ್ತು. ಅಯ್ಯರರು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಆ ಪತ್ರಿಕೆಗೆ ಬರೆಯತೊಡಗಿದ್ದರು. ಬರೆದವರು ಪ್ರಾಧ್ಯಾಪಕರೇ ಇರಬೇಕೆಂದು ಬಗೆದು ಪತ್ರಿಕೆಯವರು ಅವರ ಹೆಸರಿನೊಡನೆ ಆ ಬಿರುದನ್ನೇ ಸೇರಿಸಿದುದರಿಂದ, ಸ್ನೇಹಿತರ ವಲಯದಲ್ಲಿ ಅವರಿಗೆ ‘ಪ್ರೊಫೆಸರ್’ ಎಂಬ ಹೆಸರು ಕೊನೆಯವರೆಗೂ ಉಳಿಯಿತು. ಮುಂದೆ ಅವರು ತಿರುಕ್ಕೋಯಿಲೂರಿನಲ್ಲಿ ಅಧಿಕಾರಿಯಾಗಿದ್ದಾಗ, ಗುಮಾಸ್ತೆಯ ಕೆಲಸವೊಂದನ್ನು ಬೇಡಿ ರಾಮಾನುಜನ್ನರು ತಮ್ಮ ಟಿಪ್ಪಣಿಪುಸ್ತಕಗಳೊಡನೆ ಅವರ ಬಳಿಗೆ ಬಂದರು. ಇಂಥ ಪ್ರತಿಭೆಯನ್ನು ಕಂದಾಯ ಕಚೇರಿಯ ಕೆಳಗಿನ ಮೆಟ್ಟಿಲಲ್ಲಿ ಹೂಳಿಬಿಡುವುದು ಸಲ್ಲದೆಂದು ಅಯ್ಯರರು ಅವರನ್ನು ಮದ್ರಾಸಿನ ತಮ್ಮ ಗಣಿತಮಿತ್ರರ ಕಡೆಗೆ ಕಳುಹಿಸಿಕೊಟ್ಟರು. ಎಲ್ಲಿಯೋ ದೂರದ ಪತ್ರಿಕೆಯೊಂದು ಅಪರಿಚಿತ ವಿದ್ಯಾರ್ಥಿಯೊಬ್ಬನಿಗೆ ತೋರಿಸಿದ ಗೌರವವು, ಕಾಲಾಂತರದಲ್ಲಿ ಇನ್ನೊಬ್ಬ ಅಪರಿಚಿತನನ್ನು ಗುರುತಿಸುವ ಕಣ್ಣಾಗಿ ಫಲಿಸಿತು.

ಸೆಂಟ್ರಲ್ ಕಾಲೇಜಿನ ಸಂಪಾದಕರು

ಪತ್ರಿಕೆಯ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಎಂ. ಟಿ. ನಾರಣಯ್ಯಂಗಾರ್ಯರು. 1909ರಿಂದ 1927ರವರೆಗೆ, ಎಂದರೆ ಹದಿನೆಂಟು ವರ್ಷಗಳ ದೀರ್ಘಕಾಲ, ಆ ಹೊಣೆಯನ್ನು ಅವರು ಹೊತ್ತಿದ್ದರು. ಅವರು ಕೆಲಸಕ್ಕೆ ತೊಡಗಿದಾಗ ಆ ಕಾಲೇಜು ಮದ್ರಾಸು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿತ್ತು; 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಅದರ ವಿಜ್ಞಾನಶಿಕ್ಷಣದ ಪ್ರಧಾನ ಪೀಠವಾಯಿತು. ಹೀಗೆ ಎರಡು ವಿಶ್ವವಿದ್ಯಾನಿಲಯಗಳ ಕಾಲವನ್ನು ಕಂಡ ಆ ಸಂಪಾದಕರು ಸ್ವತಃ ಒಳ್ಳೆಯ ರೇಖಾಗಣಿತಜ್ಞರು.

ಅವರ ಹೆಸರನ್ನು ಇಂದಿಗೂ ಉಳಿಸಿರುವ ಒಂದು ಸಾಧನೆಯನ್ನು ಇಲ್ಲಿ ಹೇಳಬೇಕು. ಯಾವುದಾದರೊಂದು ತ್ರಿಕೋನವನ್ನು ತೆಗೆದುಕೊಂಡು, ಅದರ ಮೂರು ಕೋನಗಳನ್ನೂ ತಲಾ ಮೂರು ಸಮಭಾಗ ಮಾಡುವ ರೇಖೆಗಳನ್ನೆಳೆದರೆ, ಒಂದೊಂದು ಬಾಹುವಿಗೂ ಸಮೀಪವಾದ ಎರಡೆರಡು ರೇಖೆಗಳು ಕೂಡುವ ಮೂರು ಬಿಂದುಗಳು ಯಾವಾಗಲೂ ಒಂದು ಸಮಬಾಹು ತ್ರಿಕೋನವನ್ನು ರಚಿಸುತ್ತವೆ. ಮೂಲ ತ್ರಿಕೋನವು ಎಷ್ಟೇ ಓರೆಕೋರೆಯಾಗಿರಲಿ, ಒಳಗಿನದು ಮಾತ್ರ ನಿರ್ದುಷ್ಟವಾದ ಸಮಬಾಹು. ಯೂಕ್ಲಿಡನ ಕಾಲದಿಂದ ಎರಡು ಸಾವಿರ ವರ್ಷ ರೇಖಾಗಣಿತವನ್ನು ಓದಿದವರ ಕಣ್ಣಿಗೆ ಬೀಳದಿದ್ದ ಈ ಸೋಜಿಗವನ್ನು 1899ರಲ್ಲಿ ಫ್ರಾಂಕ್ ಮಾರ್ಲಿ ಎಂಬ ಗಣಿತಜ್ಞರು ಕಂಡರು. ಅದಕ್ಕೆ ದೊರೆತ ಮೊದಮೊದಲ ಸಾಧನೆಗಳಲ್ಲಿ ಅತ್ಯಂತ ಸುಂದರವಾದುದೊಂದನ್ನು 1909ರಲ್ಲಿ ನಾರಣಯ್ಯಂಗಾರ್ಯರು ಕೊಟ್ಟರು. ಅದು ಅಚ್ಚಾದುದೂ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಯ ಪ್ರಶ್ನೋತ್ತರಗಳಲ್ಲಿಯೇ. 1967ರಲ್ಲಿ ಕಾಕ್ಸೆಟರ್ ಮತ್ತು ಗ್ರೈಟ್ಸರ್ ಎಂಬ ವಿದ್ವಾಂಸರು ತಮ್ಮ ಪ್ರಸಿದ್ಧ ರೇಖಾಗಣಿತ ಗ್ರಂಥದಲ್ಲಿ ಈ ಪ್ರಮೇಯವನ್ನು ವಿವರಿಸುವಾಗ ಬೆಂಗಳೂರಿನ ಈ ಅಧ್ಯಾಪಕರ ಹೆಸರನ್ನು ನೆನೆದಿದ್ದಾರೆ.

ಆದರೆ ಗಣಿತಲೋಕವು ನಾರಣಯ್ಯಂಗಾರ್ಯರಿಗೆ ಇದಕ್ಕಿಂತಲೂ ಹೆಚ್ಚಿನ ಋಣವನ್ನು ಸಲ್ಲಿಸಬೇಕಾದುದು ಅವರ ತಾಳ್ಮೆಗಾಗಿ. ಬರ್ನೂಲಿ ಸಂಖ್ಯೆಗಳ ಕೆಲವು ಗುಣಧರ್ಮಗಳನ್ನು ಕುರಿತ ರಾಮಾನುಜನ್ನರ ಮೊದಲ ಪ್ರಬಂಧವು ಅವರ ಮೇಜಿಗೆ ಬಂದಾಗ, ಅದು ಸುಲಭವಾಗಿ ಅಚ್ಚಿಗೆ ಹೋಗುವಂಥ ಬರಹವಾಗಿರಲಿಲ್ಲ. ಬರೆದವರಿಗೆ ಸಾಧನೆಯ ಸಂಪ್ರದಾಯಬದ್ಧ ಕ್ರಮವು ಅಭ್ಯಾಸವಿರಲಿಲ್ಲ; ಅವರಿಗೆ ಕಣ್ಣೆದುರಿನ ಸತ್ಯವಾಗಿ ತೋರಿದ್ದು ಓದುಗನಿಗೆ ಹತ್ತು ಮೆಟ್ಟಿಲು ಹಾರಿದಂತೆ ತೋರುತ್ತಿತ್ತು. ಅರ್ಥವಾಗದ ಬರಹವನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳುವುದು ಸಂಪಾದಕನಿಗೆ ಅತ್ಯಂತ ಸುಲಭದ ದಾರಿ; ಹಾಗೆ ಮಾಡಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ನಾರಣಯ್ಯಂಗಾರ್ಯರು, ಎಲ್ಲಿ ಅಸ್ಪಷ್ಟತೆಯಿದೆ, ಎಲ್ಲಿ ಕೊಂಡಿ ತಪ್ಪಿದೆ ಎಂದು ತೋರಿಸಿ ಬರಹವನ್ನು ಲೇಖಕರಿಗೆ ಕಳುಹಿಸಿ, ಅವರು ತಿದ್ದಿದ್ದನ್ನು ಮತ್ತೆ ನೋಡಿ, ಹೀಗೆ ಮೂರು ಸಲ ಅದು ಇಬ್ಬರ ನಡುವೆ ಹೋಗಿಬಂದ ಬಳಿಕ, 1911ರ ಸಂಪುಟದಲ್ಲಿ ಅದನ್ನು ಬೆಳಕಿಗೆ ತಂದರು. ಗುರುವಿಲ್ಲದೆ ಗಣಿತವನ್ನು ಕಲಿತ ತರುಣನಿಗೆ ಬರವಣಿಗೆಯ ಶಿಸ್ತನ್ನು ಕಲಿಸಿದ ಮೊದಲ ಪಾಠವು ಸಂಪಾದಕರ ಟಿಪ್ಪಣಿಗಳ ರೂಪದಲ್ಲಿ ದೊರೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಮುಂದಿನ ಕಥೆ ಲೋಕವಿದಿತ. ಪತ್ರಿಕೆಯ ಮೂಲಕ ಹೆಸರು ಹರಡಿತು. 1912ರಲ್ಲಿ ಮದ್ರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಕೆಲಸ ದೊರೆಯಿತು. 1913ರ ಜನವರಿಯಲ್ಲಿ ಕೇಂಬ್ರಿಜಿನ ಗಣಿತಜ್ಞ ಹಾರ್ಡಿಯವರಿಗೆ ರಾಮಾನುಜನ್ನರು ಬರೆದ ಪತ್ರವು ಗಣಿತದ ಚರಿತ್ರೆಯನ್ನೇ ತಿರುಗಿಸಿತು. ಇಂಗ್ಲೆಂಡಿಗೆ ಹೋದ ಮೇಲೂ ಅವರು ಬೆಂಗಳೂರಿನ ಪತ್ರಿಕೆಯನ್ನು ಮರೆಯಲಿಲ್ಲ. ಎಲ್ಲವೂ ಸೇರಿ ಐವತ್ತಕ್ಕೂ ಮಿಕ್ಕಿದ ಪ್ರಶ್ನೆಗಳನ್ನು ಅದರ ಪುಟಗಳಿಗೆ ಒದಗಿಸಿದರು. ಅವುಗಳಲ್ಲಿ ಕೆಲವು ದಶಕಗಳ ಕಾಲ ಗಣಿತಜ್ಞರ ಕೈಗೆ ಕೆಲಸ ಕೊಟ್ಟಿವೆ.

ವಿದ್ಯಾರ್ಥಿಗಳ ಕೈಯ ಪತ್ರಿಕೆ

ಪ್ರಶ್ನೆಯ ಪುಟದ ಈ ಮಹಿಮೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಹಂಗೆರಿಯಲ್ಲಿ ದಾನಿಯೆಲ್ ಅರಾನ್ಯಿ ಎಂಬ ಪ್ರೌಢಶಾಲಾ ಉಪಾಧ್ಯಾಯರು 1894ರಲ್ಲಿ ಶಾಲಾ ಮಕ್ಕಳಿಗಾಗಿ ಆರಂಭಿಸಿದ ಗಣಿತ ಮಾಸಪತ್ರಿಕೆಗೆ ಪ್ರಶ್ನೆಗಳೇ ಬೆನ್ನೆಲುಬು. ಅವನ್ನು ಬಿಡಿಸುತ್ತ ಬೆಳೆದ ಹುಡುಗರಲ್ಲಿ, ಮುಂದೆ ಹೆಸರಾಂತ ಗಣಿತಜ್ಞರಾದ ಪಾಲ್ ಎರ್ಡಿಷ್ ಒಬ್ಬರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ‘ಆರ್ಕಿಮಿಡಿಯನ್ಸ್’ ಎಂಬ ವಿದ್ಯಾರ್ಥಿಸಂಘವು 1939ರಲ್ಲಿ ‘ಯುರೇಕಾ’ ಎಂಬ ಪತ್ರಿಕೆಯನ್ನು ಹೊರಡಿಸತೊಡಗಿತು. ವಿದ್ಯಾರ್ಥಿಗಳೇ ಸಂಪಾದಿಸಿ ವಿದ್ಯಾರ್ಥಿಗಳೇ ಓದುವ ಈ ಪುಟ್ಟ ಪತ್ರಿಕೆಯಲ್ಲಿ ಜಾನ್ ಕಾನ್ವೇಯವರು 1973ರಲ್ಲಿ, ಯಾವ ತಾರೀಖಿಗೆ ಯಾವ ವಾರವೆಂದು ಮನಸ್ಸಿನಲ್ಲಿಯೇ ಲೆಕ್ಕಹಾಕುವ ವಿಧಾನವನ್ನು ತಿಳಿಸಿದರು. ರೋಜರ್ ಪೆನ್‌ರೋಸರು ಎಂದೂ ಒಂದೇ ಕ್ರಮದಲ್ಲಿ ಪುನರಾವರ್ತಿಸದ ತಮ್ಮ ಹಾಸುಬಿಲ್ಲೆಗಳ ವಿನ್ಯಾಸವನ್ನು 1978ರಲ್ಲಿ ಇಲ್ಲಿಯೇ ವಿವರಿಸಿದರು.

ಆದರೆ ನಮ್ಮ ಕಥೆಗೆ ನೇರವಾಗಿ ಸೇರುವ ಬರಹವೆಂದರೆ 1944ರಲ್ಲಿ ಫ್ರೀಮನ್ ಡೈಸನ್ ಎಂಬ ತರುಣನು ‘ಯುರೇಕಾ’ದಲ್ಲಿ ಬರೆದದ್ದು. ಒಂದು ಸಂಖ್ಯೆಯನ್ನು ಪೂರ್ಣಸಂಖ್ಯೆಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಒಡೆಯಬಹುದೆಂಬ ವಿಚಾರದಲ್ಲಿ ರಾಮಾನುಜನ್ನರು ಒಂದು ಅದ್ಭುತವನ್ನು ಕಂಡಿದ್ದರು: ನಾಲ್ಕು, ಒಂಬತ್ತು, ಹದಿನಾಲ್ಕು, ಹತ್ತೊಂಬತ್ತು ಎಂದು ಐದೈದರಂತೆ ಏರುವ ಸಂಖ್ಯೆಗಳ ವಿಭಜನೆಗಳ ಎಣಿಕೆಯು ಯಾವಾಗಲೂ ಐದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ನಾಲ್ಕಕ್ಕೆ 5 ವಿಭಜನೆಗಳು, ಒಂಬತ್ತಕ್ಕೆ 30, ಹದಿನಾಲ್ಕಕ್ಕೆ 135. ಭಾಗವಾಗುವುದೇನೋ ನಿಜ, ಆದರೆ ಆ ವಿಭಜನೆಗಳನ್ನು ಐದು ಸಮಗುಂಪುಗಳಾಗಿ ಕಣ್ಣಿಗೆ ಕಾಣುವಂತೆ ಬೇರ್ಪಡಿಸಿ ತೋರಿಸುವ ಬಗೆ ಯಾವುದು ಎಂದು ಡೈಸನ್ ಕೇಳಿದನು. ಪ್ರತಿಯೊಂದು ವಿಭಜನೆಯಲ್ಲಿಯೂ ಅತಿ ದೊಡ್ಡ ಭಾಗದಿಂದ ಭಾಗಗಳ ಎಣಿಕೆಯನ್ನು ಕಳೆಯಿರಿ ಎಂಬುದು ಅವನ ಊಹೆ. ನಾಲ್ಕರ ಐದು ವಿಭಜನೆಗಳಾದ 4, 3+1, 2+2, 2+1+1, 1+1+1+1 ಎಂಬುವಕ್ಕೆ ಹೀಗೆ ಕ್ರಮವಾಗಿ 3, 1, 0, −1, −3 ಎಂಬ ಬೆಲೆಗಳು ಬರುತ್ತವೆ; ಐದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ನೋಡಿದರೆ 3, 1, 0, 4, 2, ಅಂದರೆ ಐದು ಶೇಷಗಳಿಗೂ ಒಂದೊಂದು ವಿಭಜನೆ ಸರಿಯಾಗಿ ಹಂಚಿಹೋಗಿದೆ.

ಈ ಊಹೆಯನ್ನು ಸಾಧಿಸಲು ಡೈಸನ್ನನಿಗೆ ಆಗಲಿಲ್ಲ. ಆಗಲಿಲ್ಲವೆಂದು ಮುಚ್ಚಿಡದೆ, ಊಹೆಯನ್ನು ಊಹೆಯೆಂದೇ ಅವನು ಪ್ರಕಟಿಸಿದನು. ಏಳಕ್ಕೂ ಹನ್ನೊಂದಕ್ಕೂ ಇಂಥವೇ ನಿಯಮಗಳನ್ನು ರಾಮಾನುಜನ್ನರು ಕಂಡಿದ್ದರು; ಊಹೆಯಲ್ಲಿ ಐದು ಮತ್ತು ಏಳಕ್ಕೆ ಸಂಬಂಧಿಸಿದ ಭಾಗವನ್ನು 1954ರಲ್ಲಿ ಆಟ್ಕಿನ್ ಮತ್ತು ಸ್ವಿನರ್ಟನ್-ಡೈಯರ್ ಸಾಧಿಸಿದರು. ಹನ್ನೊಂದಕ್ಕೆ ಬೇರೊಂದು ಅಳತೆ ಇದ್ದೇ ಇರಬೇಕೆಂದು ಡೈಸನ್ ಅದನ್ನು ಕಾಣದೆಯೇ ಅದಕ್ಕೊಂದು ಹೆಸರಿಟ್ಟಿದ್ದನು; ಆ ಅಳತೆಯನ್ನು 1988ರಲ್ಲಿ ಆಂಡ್ರ್ಯೂಸ್ ಮತ್ತು ಗಾರ್ವನ್ ಕಂಡುಹಿಡಿದರು. ವಿದ್ಯಾರ್ಥಿ ಪತ್ರಿಕೆಯೊಂದರಲ್ಲಿ ಬಿದ್ದ ಬೀಜವು ನಲವತ್ತನಾಲ್ಕು ವರ್ಷಗಳ ಮೇಲೆ ಫಲಕೊಟ್ಟಿತು. ಪೂರ್ಣಗೊಂಡ ಸಿದ್ಧಾಂತಗಳನ್ನು ಮಾತ್ರ ಸ್ವೀಕರಿಸುವ ಗಂಭೀರ ಸಂಶೋಧನಪತ್ರಿಕೆಗಳಲ್ಲಿ ಇಂಥ ಊಹೆಗೆ ಜಾಗ ದೊರೆಯುವುದು ಕಷ್ಟವಾಗುತ್ತಿತ್ತೇನೋ. ವಿಶ್ವವಿದ್ಯಾನಿಲಯದ ಅಂಗಳದ ಪತ್ರಿಕೆಗೆ ಅದಕ್ಕೆ ಬೇಕಾದ ಸಡಿಲವೂ ಸಲುಗೆಯೂ ಇದ್ದುವು.

ಕನ್ನಡದ ದಾರಿ

ನಾರಣಯ್ಯಂಗಾರ್ಯರು ಇಂಗ್ಲಿಷಿನಲ್ಲಿ ಗಣಿತಪತ್ರಿಕೆಯನ್ನು ನಡೆಸುತ್ತಿದ್ದ ಕಾಲದಲ್ಲಿಯೇ, ಅದೇ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ, 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯಲು ಪದಗಳೇ ಇಲ್ಲವೆಂದು ವಿದ್ಯಾವಂತರು ಹೇಳುತ್ತಿದ್ದ ದಿನಗಳವು. ಪಂಪನ ಕಾವ್ಯದ ಸಂಪಾದನೆಗೂ ದುಡಿದ ಬೆಳ್ಳಾವೆಯವರು ಆ ಮಾತಿಗೆ ವಾದದಿಂದ ಉತ್ತರಕೊಡದೆ ಬರೆದೇ ತೋರಿಸಿದರು. ಪತ್ರಿಕೆ ಎರಡು ವರ್ಷಗಳಷ್ಟೇ ಬದುಕಿತು. ಒಂದೇ ವಿದ್ಯಾಲಯದ ಆವರಣದಲ್ಲಿ ಹುಟ್ಟಿದ ಆ ಎರಡು ಪತ್ರಿಕೆಗಳಲ್ಲಿ ಒಂದು ಶತಮಾನವನ್ನು ದಾಟಿ ಬಾಳಿತು, ಇನ್ನೊಂದು ಎಳವೆಯಲ್ಲಿಯೇ ನಿಂತುಹೋಯಿತೆಂಬುದು ಕನ್ನಡಿಗರು ಆಲೋಚಿಸಬೇಕಾದ ಸಂಗತಿ. ಮೊದಲನೆಯದರ ಹಿಂದೆ ಹಣ ಹಾಕಿ ಓದುವ ಸದಸ್ಯರ ಸಂಘವಿತ್ತು. ಎರಡನೆಯದರ ಹಿಂದೆ ಕೆಲವೇ ಜನರ ಶ್ರದ್ಧೆಯಿತ್ತು.

ಗಣಿತಸಂಘದ ಪತ್ರಿಕೆಯೂ ಕಾಲಕ್ರಮದಲ್ಲಿ ರೂಪವನ್ನು ಬದಲಿಸಿತು. 1927ರಲ್ಲಿ ಸಂಪಾದಕತ್ವವು ಮದ್ರಾಸಿನ ಆರ್. ವೈದ್ಯನಾಥಸ್ವಾಮಿಯವರಿಗೆ ಸೇರಿ, ಪತ್ರಿಕೆ ಉಚ್ಚ ಸಂಶೋಧನೆಯ ಕಡೆಗೆ ತಿರುಗಿತು. ಹಾಗೆ ತಿರುಗಿದಾಗ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇರೊಂದು ಪತ್ರಿಕೆ ಬೇಕೆನಿಸಿ, 1933ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಎ. ನರಸಿಂಗರಾಯರ ಸಂಪಾದಕತ್ವದಲ್ಲಿ ‘ದಿ ಮ್ಯಾಥಮೆಟಿಕ್ಸ್ ಸ್ಟೂಡೆಂಟ್’ ಹುಟ್ಟಿತು. ಅಲ್ಲಿಂದ ಎಂಬತ್ತು ವರ್ಷಗಳ ಸಮೀಪಕ್ಕೆ ಬಂದರೆ, 2012ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು, ಋಷಿವ್ಯಾಲಿಯ ಗಣಿತ ಕೇಂದ್ರದ ಸಹಯೋಗದಲ್ಲಿ, ಶೈಲೇಶ ಶಿರಾಲಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಅಟ್ ರೈಟ್ ಆಂಗಲ್ಸ್’ ಎಂಬ ಗಣಿತಪತ್ರಿಕೆಯನ್ನು ಆರಂಭಿಸಿತು. ಶಾಲೆಯ ಉಪಾಧ್ಯಾಯರನ್ನೇ ಮುಖ್ಯ ಓದುಗರೆಂದು ಭಾವಿಸಿ, ತರಗತಿಯ ಅನುಭವಗಳಿಗೂ ಬಿಡಿಸಬೇಕಾದ ಸಮಸ್ಯೆಗಳಿಗೂ ಸಮಾನವಾದ ಗೌರವವನ್ನು ಕೊಡುವ ಈ ಪತ್ರಿಕೆಯು, ನಾರಣಯ್ಯಂಗಾರ್ಯರ ಊರಿನಲ್ಲಿಯೇ ಅವರ ಪರಂಪರೆಯನ್ನು ಮುಂದುವರಿಸುತ್ತಿದೆ.

ಇದೆಲ್ಲವೂ ಬೆಂಗಳೂರಿನ ಮಾತಾಯಿತು. ಘಟಪ್ರಭೆಯ ಸೀಮೆಯ ನಮಗೆ ಇದರಲ್ಲೇನು ಪಾಲು ಎಂದು ಬೆಳಗಾವಿ ಜಿಲ್ಲೆಯ ನಮ್ಮ ಕುಲಗೋಡದ ಓದುಗರು ಕೇಳಬಹುದು. ಪಾಲು ಇದೆ, ಮತ್ತು ಅದು ಹಳೆಯದು. ಕನ್ನಡದಲ್ಲಿ ಗಣಿತವನ್ನು ಬರೆದ ಪ್ರಾಚೀನರಲ್ಲಿ ಅಗ್ರಗಣ್ಯನಾದ, ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳ ಕರ್ತೃವಾದ ರಾಜಾದಿತ್ಯನು ಹನ್ನೆರಡನೆಯ ಶತಮಾನದವನು, ಅವನ ಊರಾದ ಪೂವಿನಬಾಗೆಯು ನಮ್ಮ ನೆರೆಯ ರಾಯಬಾಗವೇ ಎಂಬ ಅಭಿಪ್ರಾಯವು ವಿದ್ವಾಂಸರಲ್ಲಿ ಉಂಟು. ಲೆಕ್ಕವನ್ನು ಪದ್ಯದಲ್ಲಿ ಹೇಳಿ, ಉದಾಹರಣೆಯನ್ನು ಪ್ರಶ್ನೆಯ ರೂಪದಲ್ಲಿ ಓದುಗನ ಮುಂದಿಡುವುದು ಅವನ ಕಾಲದ ಗಣಿತಗ್ರಂಥಗಳ ಪದ್ಧತಿ. ಈಚಿನ ಕಾಲದಲ್ಲಿ, ಸೆಂಟ್ರಲ್ ಕಾಲೇಜಿನ ಗಣಿತಪರಂಪರೆಯಿಂದ ಬಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಸಿ. ಎನ್. ಶ್ರೀನಿವಾಸಯ್ಯಂಗಾರ್ಯರು 1967ರಲ್ಲಿ ಪ್ರಾಚೀನ ಭಾರತೀಯ ಗಣಿತದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕನ್ನಡದಲ್ಲಿಯೂ ಗಣಿತಶಾಸ್ತ್ರದ ಚರಿತ್ರೆಯನ್ನು ಬರೆದರು.

ಪ್ರಶ್ನೆಯನ್ನು ಗೌರವಿಸುವ ಸಂಸ್ಕಾರವಂತೂ ಈ ನೆಲಕ್ಕೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಜೀವ ತುಂಬಿದ ತಮ್ಮಣ್ಣನ ಊರು ನಮ್ಮ ಕುಲಗೋಡ. ಈ ಸೀಮೆಯ ಜಾತ್ರೆಗಳಲ್ಲಿ ಹರದೇಶಿ ಮೇಳವು ಹಾಡಿನಲ್ಲಿ ಸವಾಲು ಹಾಕಿದರೆ ನಾಗೇಶಿ ಮೇಳವು ಹಾಡಿನಲ್ಲಿಯೇ ಜವಾಬು ಕೊಡಬೇಕು. ಕೊಡಲಾರದಿದ್ದರೆ ಬೆಳಗಾಗುವವರೆಗೂ ಆ ಸವಾಲು ನೆರೆದವರೆಲ್ಲರ ತಲೆಯಲ್ಲಿ ತಿರುಗುತ್ತಿರುವುದು. ಹಾಡುವವರು ಯಾವ ಜಾತಿಯವರು, ಎಷ್ಟು ಓದಿದವರು ಎಂದು ಆ ಹೊತ್ತಿಗೆ ಕೇಳುವವರಿಲ್ಲ. ಸವಾಲು ಗಟ್ಟಿಯೋ ಅಲ್ಲವೋ ಎಂಬುದೊಂದೇ ವಿಚಾರ. ಗಣಿತಪತ್ರಿಕೆಯ ಪ್ರಶ್ನಾವಿಭಾಗದ ಧರ್ಮವೂ ಇದೇ.

ಇಂದು ಕುಲಗೋಡದಿಂದ, ಯಾದವಾಡದಿಂದ, ಕೌಜಲಗಿಯಿಂದ ಹೊರಟ ಮಕ್ಕಳು ಮೂಡಲಗಿ, ಗೋಕಾಕಗಳ ಕಾಲೇಜುಗಳಲ್ಲಿ ಗಣಿತವನ್ನು ಓದಿ, ಮುಂದಿನ ವ್ಯಾಸಂಗಕ್ಕಾಗಿ ಧಾರವಾಡಕ್ಕೋ, 2010ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೋ ಹೋಗುತ್ತಾರೆ. ಅವರಲ್ಲಿ ಬಹುಮಂದಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕ ಕಲಿತು, ಆಮೇಲೆ ಒಮ್ಮೆಲೇ ಇಂಗ್ಲಿಷಿಗೆ ದಾಟಿದವರು. ಉತ್ತರವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬರೆಯಬಲ್ಲವರಾದರೂ, ತಮಗೆ ಹುಟ್ಟಿದ ಸಂದೇಹವನ್ನು ಆ ಭಾಷೆಯಲ್ಲಿ ಕೇಳಲು ಹಿಂಜರಿಯುವವರು. ಸಂದೇಹವನ್ನು ಕೇಳದೆ ನುಂಗಿಕೊಂಡ ವಿದ್ಯಾರ್ಥಿಯಲ್ಲಿ ಗಣಿತವು ಬೆಳೆಯುವುದೆಂತು?

ಆದುದರಿಂದ ನಮ್ಮ ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳು ಕನ್ನಡದಲ್ಲಿ ಒಂದು ಪತ್ರಿಕೆಯನ್ನು, ದೊಡ್ಡದಾಗಬೇಕಿಲ್ಲ, ವರ್ಷಕ್ಕೆ ಮೂರೋ ನಾಲ್ಕೋ ಸಲ ಹೊರಡುವ ಮೂವತ್ತೆರಡು ಪುಟಗಳ ಪತ್ರಿಕೆಯನ್ನು ನಡೆಸಬೇಕೆಂಬುದು ನನ್ನ ಪ್ರಾರ್ಥನೆ. ಬೆಳ್ಳಾವೆಯವರ ಪತ್ರಿಕೆಗೆ ಇಲ್ಲದಿದ್ದ ಆಧಾರವು, ಎಂದರೆ ಚಂದಾ ಕೊಟ್ಟು ಓದುವ ಅಧ್ಯಾಪಕರ ಸಂಘವು, ಮೊದಲು ಆಗಬೇಕು. ಸಂಪಾದಕತ್ವದಲ್ಲಿ ವಿದ್ಯಾರ್ಥಿಗಳಿಗೆ ಪಾಲಿರಬೇಕು. ಪ್ರತಿಯೊಂದು ಸಂಚಿಕೆಯಲ್ಲಿಯೂ ಕೆಲವು ಪುಟಗಳು ಪ್ರಶ್ನೆಗಳಿಗೆ ಮೀಸಲಾಗಿದ್ದು, ಕಳುಹಿಸಿದವರ ಹೆಸರನ್ನೂ ಊರನ್ನೂ ಗೌರವದಿಂದ ಅಚ್ಚುಮಾಡಬೇಕು. ಅರ್ಧ ಬೆಳೆದ ಊಹೆ ಬಂದರೆ ಅದನ್ನು ತಿದ್ದುವ ದಾರಿಯನ್ನು ತೋರಿಸಿ ಹಿಂದಿರುಗಿಸುವ, ಮತ್ತೆ ಬಂದಾಗ ಮತ್ತೆ ಓದುವ ವ್ಯವಧಾನ ಸಂಪಾದಕರಿಗಿರಬೇಕು. ರಾಮಾನುಜನ್ನರಂಥವರು ಪ್ರತಿ ತಲೆಮಾರಿಗೂ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಯಾವ ಹಳ್ಳಿಯ ಯಾವ ಹುಡುಗಿಯ ನೋಟ್‌ಬುಕ್ಕಿನಲ್ಲಿ ಎಂಥ ಪ್ರಶ್ನೆಯಿದೆಯೆಂದು ಮೊದಲೇ ತಿಳಿಯುವ ಉಪಾಯವಿಲ್ಲದಿರುವಾಗ, ಎಲ್ಲರ ಪ್ರಶ್ನೆಗೂ ಬಾಗಿಲನ್ನು ತೆರೆದಿಡುವುದೊಂದೇ ನಮಗೆ ಉಳಿದ ಮಾರ್ಗ. ಹದಿನೆಂಟು ವರ್ಷ ಬೆಂಗಳೂರಿನ ಒಬ್ಬ ಅಧ್ಯಾಪಕರು ತಮ್ಮ ಪಾಠಪ್ರವಚನಗಳ ನಡುವೆಯೇ ಅದನ್ನು ಮಾಡಿದರು. ಇಷ್ಟೊಂದು ವಿಶ್ವವಿದ್ಯಾಲಯಗಳೂ ಇಷ್ಟೊಂದು ಮುದ್ರಣ ಸೌಕರ್ಯವೂ ಇರುವ ಈ ಕಾಲದಲ್ಲಿ ಕನ್ನಡದಲ್ಲಿ ಅದನ್ನು ಮಾಡಲು ನಮಗೆ ಬೇಕಾದುದು ಸಂಕಲ್ಪ ಮಾತ್ರ.